ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ

ಮಗಳ ನೋಟ್‌ಪುಸ್ತಕದಲ್ಲಿ 52ರಲ್ಲಿ 27 ಕಳೆದು 35 ಎಂದು ಬರೆದಿತ್ತು. ಅದರ ಕೆಳಗೆ 71ರಲ್ಲಿ 38 ಕಳೆದು 47. ಇನ್ನೂ ಕೆಳಗೆ 64ರಲ್ಲಿ 19 ಕಳೆದು 55. ಮೂರಕ್ಕೂ ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಎಳೆದೆ. ಹುಡುಗಿಗೆ ಗಮನವಿಲ್ಲ ಅಂದುಕೊಂಡೆ, ಆಮೇಲೆ ಪುಸ್ತಕವೇ ಸರಿಯಿಲ್ಲ ಅಂದುಕೊಂಡೆ. ಆ ರಾತ್ರಿಯೇ ಬೇರೆ ಪುಸ್ತಕ ಹುಡುಕಲು ಕೂತೆ. ಅವು ಮೂರು ತಪ್ಪುಗಳಲ್ಲ, ಒಂದೇ ತಪ್ಪು ಮೂರು ಸಲ ಬಂದಿದೆ ಎಂದು ನನಗೆ ತಿಳಿಯಲು ಇನ್ನೂ ಏಳು ತಿಂಗಳು ಹಿಡಿಯಿತು.

ಅದು 2021. ಶಾಲೆಗಳು ಮುಚ್ಚಿದ್ದವು, ಮೈಸೂರಿನ ನಮ್ಮ ಮನೆಯಲ್ಲೂ ಪಾಠವೆಲ್ಲ ಫೋನಿನೊಳಗೆ ನಡೆಯುತ್ತಿತ್ತು. ಮಗಳಿಗೆ ಎಂಟು, ಮಗನಿಗೆ ಐದು. ಮಕ್ಕಳನ್ನು ಮನೆಯಲ್ಲೇ ಓದಿಸೋಣ ಎಂದು ಗಂಡ, ಅತ್ತೆ, ನಾನು ಸೇರಿ ನಿರ್ಧಾರ ಮಾಡಿದೆವು. ಕಾರಣಗಳನ್ನು ಬೇಕಾದಷ್ಟು ಜನ ಕೇಳಿದ್ದಾರೆ, ಇಲ್ಲಿ ಬೇಡ. ಕನ್ನಡ, ಇಂಗ್ಲಿಷ್, ಪರಿಸರ ಇವನ್ನೆಲ್ಲ ಹೇಗೋ ನಿಭಾಯಿಸಬಹುದು ಎಂಬ ಧೈರ್ಯವಿತ್ತು. ಗಣಿತ ಮಾತ್ರ ಎದೆಯ ಮೇಲೆ ಕೂತಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ನನಗೆ ಬಂದಿದ್ದು 43. ಆ ಭಯ ಮಕ್ಕಳಿಗೆ ದಾಟಬಾರದು ಎಂದುಕೊಂಡು, ಅದೇ ಭಯದಿಂದ ಪುಸ್ತಕ ಆರಿಸಿದೆ. ದಪ್ಪಗಿದ್ದಷ್ಟೂ, ದೂರದಿಂದ ಬಂದಷ್ಟೂ, ಬೆಲೆ ಹೆಚ್ಚಿದಷ್ಟೂ ಭದ್ರ ಅನಿಸುತ್ತಿತ್ತು. 11,000 ರೂಪಾಯಿ ಕೊಟ್ಟು ಅಮೆರಿಕದಿಂದ ಒಂದು ಸೆಟ್ ತರಿಸಿದೆ.

ಸೆಟ್ಟಿನಲ್ಲಿ ದುಡ್ಡಿನ ಲೆಕ್ಕಕ್ಕೆ ಅಲ್ಲಿನ ನಾಣ್ಯಗಳಿದ್ದವು. ಅಳತೆಗೆ ಇಂಚು, ತೂಕಕ್ಕೆ ಪೌಂಡು. 25 ಸೆಂಟಿನ ನಾಣ್ಯದ ಚಿತ್ರ ನೋಡಿ ಮಗಳು, “ಅಮ್ಮ, ಇದನ್ನು ಕೊಟ್ಟರೆ ಏನು ಬರತ್ತೆ?” ಎಂದಳು. ಐದು ರೂಪಾಯಿ ಕೊಟ್ಟರೆ ಏನು ಬರುತ್ತದೆ ಎಂದು ಬಲ್ಲ ಮಗು ಅವಳು. ಗೊತ್ತಿದ್ದ ಜಗತ್ತನ್ನು ಬಿಡಿಸಿ, ಗೊತ್ತಿಲ್ಲದ ಜಗತ್ತಿನೊಳಗೆ ಗೊತ್ತಿಲ್ಲದ ಗಣಿತ ಕಲಿಸಲು ನಾನು ಹೊರಟಿದ್ದೆ. ಜೊತೆಗೆ ಆ ಪುಸ್ತಕದ್ದು ಸುರುಳಿ ಕ್ರಮ: ಸೋಮವಾರ ಎರಡು ಕಳೆಯುವ ಲೆಕ್ಕ, ಒಂದು ಗಡಿಯಾರ, ಒಂದು ಆಕಾರ, ಮಂಗಳವಾರ ಮತ್ತೆ ಎಲ್ಲದರಲ್ಲೂ ಒಂದೊಂದು ಚೂರು. ಮರೆವು ಹೆಚ್ಚಿರುವ ಮಕ್ಕಳಿಗೆ ಈ ಕ್ರಮ ಒಳ್ಳೆಯದು, ಹಳೆಯದು ಮತ್ತೆ ಮತ್ತೆ ಕೈಗೆ ಬರುತ್ತದೆ. ಆದರೆ ಒಂದು ವಿಷಯ ಬುಡದಲ್ಲೇ ತಪ್ಪಾಗಿ ಕೂತಿದ್ದರೆ, ಅದನ್ನೇ ದಿನಕ್ಕೆ ಎರಡರಂತೆ ಗಟ್ಟಿ ಮಾಡುತ್ತಾ ಹೋಗುತ್ತದೆ. ನಮ್ಮಲ್ಲಿ ಆದದ್ದು ಅದೇ.

ಒಂದು ಸಂಜೆ ಅವಳು ಉತ್ತರ ಬರೆದಳು, ನನ್ನ ಮುಖ ನೋಡಿದಳು, ಅಳಿಸಿದಳು. ಇನ್ನೊಂದು ಬರೆದಳು, ಮತ್ತೆ ನನ್ನ ಮುಖ ನೋಡಿದಳು. ಹಾಳೆ ಸವೆದು ತೂತಾಯಿತು. ನಾನು ಗದರಿದೆ. ಆಮೇಲೆ ವಾರಗಟ್ಟಲೆ ಗಣಿತದ ಹೊತ್ತಿಗೆ ಅವಳಿಗೆ ಹೊಟ್ಟೆನೋವು. ಅವಳು ಅಂಕಿಗಳನ್ನು ನೋಡುತ್ತಿರಲಿಲ್ಲ, ನನ್ನ ಹುಬ್ಬುಗಳನ್ನು ನೋಡಿ ಉತ್ತರ ಹುಡುಕುತ್ತಿದ್ದಳು. ಈ ಮಾತು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತರಾದ ಒಬ್ಬ ಟೀಚರ್ ಇದ್ದಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಪಾಠ ಮಾಡಿದವರು. ನಲಿ-ಕಲಿ 1995ರಲ್ಲಿ ಶುರುವಾದದ್ದೇ ಆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳ ಕಾರ್ಡು ಪದ್ಧತಿ ನೋಡಿ ಬಂದು ಕಟ್ಟಿದ ಕ್ರಮ ಅದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಪ್ರತಿ ಮಗುವೂ ಕಲಿಕಾ ಏಣಿಯ ತನ್ನದೇ ಮೆಟ್ಟಿಲಲ್ಲಿ. ನೂರಾರು ಮಕ್ಕಳ ಮೆಟ್ಟಿಲು ಗುರುತಿಸಿದ ಕಣ್ಣು ಅವರದು. ಅರಿಸಿನ ಕುಂಕುಮಕ್ಕೆಂದು ಮನೆಗೆ ಬಂದವರು ಮಗಳ ಪುಸ್ತಕ ಎತ್ತಿಕೊಂಡರು. ತಪ್ಪಿದ್ದಕ್ಕೆ ಏನೂ ಅನ್ನದೆ, “ಇದನ್ನ ಹೆಂಗೆ ಮಾಡ್ದೆ, ನಂಗೂ ಹೇಳ್ಕೊಡು ಪುಟ್ಟಿ” ಎಂದರು.

ಮಗಳು ಹೇಳಿದಳು: “ಏಳರಲ್ಲಿ ಎರಡು ಹೋದರೆ ಐದು. ಐದರಲ್ಲಿ ಎರಡು ಹೋದರೆ ಮೂರು.”

ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಅವಳಿಗೆ ಯಾರೋ ಒಮ್ಮೆ ಹೇಳಿದ್ದರು. ಬಹುಶಃ ನಾನೇ. ಅವಳು ಅದನ್ನು ಬಿಡಿಸ್ಥಾನಕ್ಕೂ ಹತ್ತರ ಸ್ಥಾನಕ್ಕೂ ಬೇರೆ ಬೇರೆಯಾಗಿ, ಶಿಸ್ತಾಗಿ ಪಾಲಿಸುತ್ತಿದ್ದಳು. 52 ಅವಳ ಪಾಲಿಗೆ ಐವತ್ತೆರಡು ಆಗಿರಲಿಲ್ಲ. ಒಂದು ಐದು, ಪಕ್ಕದಲ್ಲಿ ಒಂದು ಎರಡು. ಪಕ್ಕದ ಮನೆಯಿಂದ ಸಾಲ ತರುವುದನ್ನು ನಾನು ಹತ್ತು ಸಲ ಹೇಳಿಕೊಟ್ಟಿದ್ದೆ. ಆ ಮನೆಯಲ್ಲಿ ಇರುವುದು ಐದಲ್ಲ, ಐದು ಹತ್ತುಗಳು ಎಂಬುದೇ ತಿಳಿಯದವಳಿಗೆ ಸಾಲದ ಮಾತು ಏನು ತಲುಪೀತು? “ಪುಸ್ತಕ ಆಮೇಲೆ ನೋಡಮ್ಮ. ಮಗು ಎಲ್ಲಿ ನಿಂತಿದೆ ಅಂತ ಮೊದಲು ನೋಡು” ಎಂದು ಟೀಚರ್ ಎಲೆ ಅಡಿಕೆ ತೆಗೆದುಕೊಂಡು ಹೊರಟರು.

ಮಾರನೆಯ ದಿನ ದೇವರಾಜ ಮಾರುಕಟ್ಟೆಯ ಹತ್ತಿರದ ಅಂಗಡಿಯಿಂದ ಕೆಂಪು, ಬಿಳಿ ಮಣಿ ತಂದು ಪೋಣಿಸಿದೆವು. ಹತ್ತು ಕೆಂಪು, ಹತ್ತು ಬಿಳಿ, ಹೀಗೆ ನೂರು. ಇದಕ್ಕೆ ಗಣಿತಮಾಲೆ ಎನ್ನುತ್ತಾರೆ, ದೆಹಲಿಯ ಜೋಡೋ ಜ್ಞಾನ್ ಸಂಸ್ಥೆಯವರು ಇದನ್ನು ಬಹಳ ಬಳಸುತ್ತಾರೆ. ಬಾಗಿಲಿಂದ ಕಿಟಕಿಯವರೆಗೆ ಕಟ್ಟಿದೆವು. ಐವತ್ತೆರಡನೆಯ ಮಣಿಯ ಪಕ್ಕ ಬಟ್ಟೆಕ್ಲಿಪ್ಪು ಸಿಕ್ಕಿಸಿ, ಇಪ್ಪತ್ತೇಳು ಹಿಂದೆ ಹೋಗು ಎಂದೆ. ಮೊದಲ ದಿನ ಒಂದೊಂದೇ ಎಣಿಸಿದಳು. ನಾಲ್ಕನೆಯ ದಿನವೋ ಐದನೆಯ ದಿನವೋ ಎರಡು ಮಣಿ ದಾಟಿ ಐವತ್ತಕ್ಕೆ ಬಂದಳು, ಎರಡು ಬಣ್ಣ ದಾಟಿ ಮೂವತ್ತಕ್ಕೆ ನೆಗೆದಳು, ಇನ್ನು ಐದು ಉಳಿದಿದೆ ಎಂದು ಇಪ್ಪತ್ತೈದಕ್ಕೆ ನಿಂತಳು. ಮಗ ಇನ್ನೊಂದು ತುದಿಯಿಂದ ಬಂದ. ಇಪ್ಪತ್ತೇಳರಿಂದ ಮೂವತ್ತಕ್ಕೆ ಮೂರು, ಐವತ್ತಕ್ಕೆ ಇಪ್ಪತ್ತು, ಆಮೇಲೆ ಎರಡು. ಹೂವಿನವರು ಚಿಲ್ಲರೆ ಕೊಡುವುದು ಹೀಗೇ, ನಾವು ಕೊಟ್ಟ ನೋಟಿನವರೆಗೆ ಎಣಿಸುತ್ತಾ ಮೇಲೆ ಹೋಗುತ್ತಾರೆ. ದಾರದ ಮೇಲೆ ಅಕ್ಕ ತಮ್ಮ ಇಬ್ಬರದೂ ಇಪ್ಪತ್ತೈದೇ. ಅವತ್ತು ಅವಳು ನನ್ನ ಮುಖ ನೋಡಲಿಲ್ಲ.

ಆಮೇಲೆ ಪುಸ್ತಕ ನೋಡುವ ನನ್ನ ರೀತಿಯೇ ಬದಲಾಯಿತು. ಯಾವ ಪುಸ್ತಕ ಕೈಗೆ ಬಂದರೂ ಭಾಗಾಕಾರ ಅಥವಾ ಭಿನ್ನರಾಶಿಯ ಪಾಠ ತೆಗೆಯುತ್ತೇನೆ. ಚಿಹ್ನೆ ಬರುವ ಮೊದಲು ವಸ್ತು ಬರುತ್ತದೆಯೇ, ವಸ್ತುವಿಗೂ ಚಿಹ್ನೆಗೂ ನಡುವೆ ಚಿತ್ರವಿದೆಯೇ ಎಂದು ನೋಡುತ್ತೇನೆ. ಸಿಂಗಪುರದಲ್ಲಿ 1982ರಲ್ಲಿ ಮೊದಲು ಬಂದ ‘ಪ್ರೈಮರಿ ಮ್ಯಾಥಮ್ಯಾಟಿಕ್ಸ್’ ಮಾಲೆ ನನಗೆ ಹಿಡಿಸಿದ್ದು ಇದಕ್ಕೇ. ಮಗು ಮೊದಲು ಕೈಯಲ್ಲಿ, ಆಮೇಲೆ ಚಿತ್ರದಲ್ಲಿ, ಕೊನೆಗೆ ಚಿಹ್ನೆಯಲ್ಲಿ ಕಲಿಯುತ್ತದೆ ಎಂಬ ಜೆರೋಮ್ ಬ್ರೂನರ್ ಅವರ ಚಿಂತನೆ ಅದರ ಬೆನ್ನೆಲುಬು. ಅದರಲ್ಲಿ ಪಟ್ಟಿ ಬರೆದು ಲೆಕ್ಕ ಬಿಡಿಸುತ್ತಾರೆ. ತಮ್ಮನಿಗಿಂತ ಅಕ್ಕನ ಹತ್ತಿರ 12 ಗೋಲಿ ಹೆಚ್ಚು, ಇಬ್ಬರದೂ ಸೇರಿ 40. ತಮ್ಮನ ಹತ್ತಿರ ಎಷ್ಟು? ‘ಹೆಚ್ಚು’ ಎಂಬ ಪದ ಕಂಡ ಕೂಡಲೇ ಮಗಳು 40ಕ್ಕೆ 12 ಕೂಡಿಸುತ್ತಿದ್ದಳು. ತಮ್ಮನಿಗೊಂದು ಪಟ್ಟಿ ಎಳೆದು, ಅಕ್ಕನಿಗೆ ಅಷ್ಟೇ ಉದ್ದದ ಪಟ್ಟಿಯ ತುದಿಗೆ 12ರ ಬಾಲ ಸೇರಿಸಿದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಬಾಲ ಕತ್ತರಿಸಿದರೆ 28, ಸಮಪಾಲು ಮಾಡಿದರೆ 14. ಪುಸ್ತಕದ ಹೆಸರುಗಳನ್ನು ಬದಲಿಸಿ ನಮ್ಮ ಮನೆಯವರ ಹೆಸರು ಹಾಕಿಕೊಂಡೆವು, ಅಷ್ಟೇ.

ಅದರ ಜೊತೆಗೆ ಎನ್‌ಸಿಇಆರ್‌ಟಿಯ ‘ಮ್ಯಾಥ್ ಮ್ಯಾಜಿಕ್’. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಪುಸ್ತಕಗಳು, ಒಂದೊಂದಕ್ಕೆ ನೂರು ರೂಪಾಯಿಯೂ ಇರಲಿಲ್ಲ. ನಾಲ್ಕನೆಯ ತರಗತಿಯದು ಇಟ್ಟಿಗೆಯಿಂದ ಶುರುವಾಗುತ್ತದೆ. ಇಟ್ಟಿಗೆಗೆ ಎಷ್ಟು ಮುಖ, ಗೋಡೆ ಕಟ್ಟುವಾಗ ಹೇಗೆ ಜೋಡಿಸುತ್ತಾರೆ ಎಂದು ಓದಿ ಮಕ್ಕಳು ಎದುರಿಗೆ ಕಟ್ಟುತ್ತಿದ್ದ ಮನೆಯ ಗಾರೆಯವರನ್ನು ಕೇಳಿಕೊಂಡು ಬಂದರು. 11,000ದ ಸೆಟ್ಟು ಆಗ ಅಟ್ಟದ ಮೇಲಿತ್ತು.

ಭಿನ್ನರಾಶಿಯ ಹೊತ್ತಿಗೆ ಮಾತ್ರ ಯಾವ ಪುಸ್ತಕವೂ ನೆರವಿಗೆ ಬರಲಿಲ್ಲ, ಅತ್ತೆ ಬಂದರು. ಇಂಗ್ಲಿಷ್ ಪುಸ್ತಕ ಓದಿ ಮಗಳು ‘ತ್ರೀ ಬೈ ಫೋರ್’ ಎನ್ನುತ್ತಿದ್ದಳು. ಮೂರು ಒಂದು ಸಂಖ್ಯೆ, ನಾಲ್ಕು ಒಂದು ಸಂಖ್ಯೆ, ನಡುವೆ ಗೀಟು. ಕಾಲು ದೊಡ್ಡದೋ ಎಂಟನೇ ಒಂದು ದೊಡ್ಡದೋ ಎಂದರೆ, ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ ಎನ್ನುವಳು. ಅಕ್ಕಿ ಅಳೆಯುತ್ತಿದ್ದ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಪಾವಿನಲ್ಲಿ ನಾಲ್ಕು ಸಲ ಸುರಿದರೆ ಸೇರು ತುಂಬಿತು. ಅರೆಪಾವಿನಲ್ಲಿ ಎಂಟು ಸಲ ಸುರಿಯಬೇಕಾಯಿತು. “ಚಿಕ್ಕದಾದಷ್ಟೂ ಜಾಸ್ತಿ ಸಲ ಹಾಕಬೇಕು ಅಜ್ಜಿ” ಎಂದು ಮಗಳು ತಾನೇ ಹೇಳಿದಳು. ಛೇದ ಎಂದರೆ ಅದೇ. ಆಮೇಲೆ ಅತ್ತೆ ತಮ್ಮ ಶಾಲೆಯ ಕಾಲು ಮಗ್ಗಿ ಹೇಳಿದರು. ಎರಡು ಕಾಲು ಅರೆ, ಮೂರು ಕಾಲು ಮುಕ್ಕಾಲು, ನಾಲ್ಕು ಕಾಲು ಒಂದು.

ಮುಕ್ಕಾಲು! ಹುಟ್ಟಿದಾಗಿನಿಂದ ಬಳಸಿದ ಪದ, ಅದು ಮೂರು ಕಾಲು ಎಂದು ನನಗೆ ಹೊಳೆದದ್ದು ಅವತ್ತು. ನಾಲ್ಕನೇ ಮೂರು ಎಂದರೆ ಏನು ಎಂದು ಆ ಒಂದು ಪದವೇ ಬಿಡಿಸಿ ಹೇಳುತ್ತದೆ. 1957ರ ಏಪ್ರಿಲ್ 1ರಂದು ಹೊಸ ಪೈಸೆ ಬರುವವರೆಗೆ ರೂಪಾಯಿಗೆ ಹದಿನಾರಾಣೆ. ಕಾಲು, ಅರೆಕಾಲು, ವೀಸಗಳು ಬಾಯಿಗೆ ಬಾರದೆ ಅಂಗಡಿಗೆ ಹೋಗುವಂತಿರಲಿಲ್ಲ. ಅತ್ತೆ ಆಗ ಹತ್ತು ವರ್ಷದ ಹುಡುಗಿ. ಅಂದಿನಿಂದ ನಮ್ಮ ಮನೆಯಲ್ಲಿ ಪುಸ್ತಕ ಯಾವ ಭಾಷೆಯದಾದರೂ ಲೆಕ್ಕದ ಮಾತು ಕನ್ನಡದಲ್ಲಿ. ಹದಿಮೂರು ಎಂದಾಗ ಹತ್ತು, ಮೂರು ಎರಡೂ ಕೇಳಿಸುತ್ತವೆ. ಇಂಥದ್ದನ್ನು ಕೈಬಿಟ್ಟು ಮಗುವಿಗೆ ಸ್ಥಾನಬೆಲೆ ಕಲಿಸಲು ಹೊರಟಿದ್ದೆನಲ್ಲ ಎಂದು ಮರುಗಿದ್ದೇನೆ.

ಮಗನದು ಬೇರೆಯೇ ಕಥೆ. ಅಕ್ಕನ ಪುಸ್ತಕ ತಮ್ಮನಿಗೆ ಬರುತ್ತದೆ ಎಂಬ ಲೆಕ್ಕದಲ್ಲಿ ನಾನಿದ್ದೆ. ಅವನು ಚೌಕಾಬಾರದಲ್ಲಿ ಕವಡೆ ಬಿದ್ದ ಕೂಡಲೇ ಯಾವ ಕಾಯಿ ಎಲ್ಲಿಗೆ ಹೋಗಿ ಯಾರನ್ನು ಹೊಡೆಯುತ್ತದೆ ಎಂದು ಹೇಳಬಲ್ಲ, ಪೆನ್ಸಿಲ್ ಕೊಟ್ಟರೆ ಎದ್ದು ಹೋಗುತ್ತಾನೆ. ಅವನಿಗೆ ಒಂದು ವರ್ಷ ಬಾಯಿಲೆಕ್ಕ ಮಾತ್ರ. ಮಣಿಸರ ಅವನಿಗೆ ಒಂದೇ ತಿಂಗಳಿಗೆ ಸಾಕಾಯಿತು.

ಇಲ್ಲಿ ಇನ್ನೊಂದು ತಪ್ಪು ಹೇಳಬೇಕು. ಮಣಿ, ಪಾವು, ಪಟ್ಟಿಗಳ ಸಂತೋಷದಲ್ಲಿ ನಾನು ಮಗ್ಗಿಯನ್ನು ಕೈಬಿಟ್ಟೆ. ಅರ್ಥವಾದರೆ ಸಾಕು, ಉರು ಹೊಡೆಸುವುದು ಹಿಂಸೆ ಎಂಬ ಹಟಕ್ಕೆ ಬಿದ್ದೆ. ಹತ್ತು ವರ್ಷದ ಮಗಳು ದೊಡ್ಡ ಭಾಗಾಕಾರ ಮಾಡುವಾಗ ಪ್ರತಿ ಹೆಜ್ಜೆಗೂ ಏಳೆಂಟಲೆ ಎಷ್ಟು ಎಂದು ಕೂಡಿಸಿಕೊಂಡು ಹೋಗಬೇಕಾಗಿ, ಎಲ್ಲಿದ್ದೆ ಎಂಬುದೇ ಮರೆತುಹೋಗಿ ಅತ್ತಳು. ಕ್ರಮ ಗೊತ್ತಿತ್ತು, ಕೈಗೆ ಸಾಮಾನು ಇರಲಿಲ್ಲ. ಆಮೇಲೆ ಆರು ತಿಂಗಳು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಜೊತೆ ಇಬ್ಬರೂ ಮಗ್ಗಿ ಹೇಳಿದರು, ಇಪ್ಪತ್ತರವರೆಗೆ. ಮಗ್ಗಿ ಬಾಯಿಪಾಠವಾಗಲೇಬೇಕು ಎಂದು ಈಗ ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಮುಂದೆ ಅವಳು ಕಟ್ಟುವುದು ಎನ್‌ಐಒಎಸ್‌ನ ಹತ್ತನೆಯ ತರಗತಿ ಪರೀಕ್ಷೆ. 1989ರಲ್ಲಿ ಸ್ಥಾಪನೆಯಾದ ಈ ಮುಕ್ತ ಶಾಲೆಯಲ್ಲಿ 14 ತುಂಬಿದವರು ನೇರವಾಗಿ ಹತ್ತನೆಯದಕ್ಕೆ ಕೂರಬಹುದು. ಗಡಿಯಾರ ನೋಡಿಕೊಂಡು ಬರೆಯುವ ಆ ಪರೀಕ್ಷೆಯಲ್ಲಿ ಮಣಿ ಎಣಿಸುತ್ತಾ ಕೂರಲು ಆಗುವುದಿಲ್ಲ.

2024ರಲ್ಲಿ ಆರನೆಯ ತರಗತಿಗೆ ಎನ್‌ಸಿಇಆರ್‌ಟಿಯ ಹೊಸ ‘ಗಣಿತ ಪ್ರಕಾಶ’ ಬಂತು. ಅದರ ಮೂರನೆಯ ಅಧ್ಯಾಯದಲ್ಲಿ ಕಾಪ್ರೇಕರ್ ಸ್ಥಿರಾಂಕ ಇದೆ. ಡಿ. ಆರ್. ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮಾಸ್ತರರು, 1949ರಲ್ಲಿ ಇದನ್ನು ಕಂಡುಹಿಡಿದರು. ನಾಲ್ಕಂಕಿಯ ಯಾವುದೇ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಅದರಿಂದ ಏರಿಕೆಯಲ್ಲಿ ಬರೆದದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡುತ್ತಾ ಹೋದರೆ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತದೆ. ಒಂದು ಮಧ್ಯಾಹ್ನ ಮಗಳು ತಾನು ಹುಟ್ಟಿದ ಇಸವಿ 2013ನ್ನು ಹಿಡಿದಳು. 3210ರಲ್ಲಿ 123 ಹೋದರೆ 3087. ಮುಂದೆ 8352. ಮುಂದೆ 6174. ಮೂರೇ ಹೆಜ್ಜೆ. ತಮ್ಮನದು 2016, ಏಳು ಹೆಜ್ಜೆ ಬೇಕಾಯಿತು. ತನಗೇ ಯಾಕೆ ಇಷ್ಟು ಉದ್ದ ಎಂದು ಅವನು ಎರಡು ಸಲ ಮಾಡಿ ನೋಡಿದ, ಅವತ್ತು ಪೆನ್ಸಿಲ್ ತಾನಾಗಿಯೇ ತಗೊಂಡಿದ್ದ. ನನ್ನದು 1984, ಎರಡಕ್ಕೇ ಮುಗಿಯಿತು.

ಯಾರೂ ಹೇಳದೆ ಕಳೆಯುವ ಲೆಕ್ಕದಲ್ಲಿ ಮುಳುಗಿದ್ದ ಮಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಅಜ್ಜಿಯ 1947 ಹಿಡಿದಿದ್ದಳು. 8262, 6354, ಆಮೇಲೆ 3087. ಅಲ್ಲಿಗೆ ಪೆನ್ಸಿಲ್ ನಿಲ್ಲಿಸಿ, ತನ್ನ ಹಾಳೆಯನ್ನು ಪಕ್ಕಕ್ಕೆ ಎಳೆದುಕೊಂಡಳು.

“ಅಜ್ಜಿ, ಇಲ್ಲಿಂದ ಮುಂದೆ ಮಾಡಲ್ಲ. ಇದು ನನ್ನ ದಾರಿಗೇ ಬಂದು ಸೇರ್ತು.”