ಸಣ್ಣ ಮಕ್ಕಳ ತಾಯಂದಿರೂ ಪ್ರವಾಸಕ್ಕೆ ಬರಲಿ



ಸಂಘದ ವರ್ಷದ ಪ್ರವಾಸದ ಮಾತು ಬಂದಾಗ ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ತಪ್ಪದೆ ಸೇರಿಕೊಳ್ಳುತ್ತದೆ: "ಸಣ್ಣ ಮಕ್ಕಳನ್ನು ಕರೆತರಬಾರದು." ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಸಂಘಗಳ ಪುಸ್ತಕ ನೋಡುವಾಗ ನಾವು ಇದನ್ನು ಎಷ್ಟೋ ಸಲ ಓದಿದ್ದೇವೆ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಮಕ್ಕಳು ಅಳ್ತಾವೆ, ಬಸ್ಸಿನಲ್ಲಿ ವಾಂತಿ ಮಾಡ್ತಾವೆ, ಹೊತ್ತು ಹೋಗ್ತದೆ, ಏನಾದ್ರೂ ಆದ್ರೆ ಯಾರು ಹೊಣೆ ಅನ್ನೋದು ಅವರ ಚಿಂತೆ. ಆದರೆ ಆ ಒಂದು ಸಾಲಿನಿಂದ ಯಾರು ಮನೆಯಲ್ಲಿ ಉಳಿದರು ಅಂತ ಹಾಜರಿ ಪುಸ್ತಕ ತೆಗೆದು ನೋಡಿ. ಎದೆಹಾಲು ಕುಡಿಸುವವರು, ಎರಡು ಮೂರು ವರ್ಷದ ಕೂಸು ಇರುವವರು, ಮನೆಯಲ್ಲಿ ಅತ್ತೆ ಇಲ್ಲದವರು. ಅಂದರೆ ವರ್ಷವಿಡೀ ಊರು ಬಿಟ್ಟು ಎಲ್ಲೂ ಹೋಗದವರು. ವಾರ ವಾರ ಅವರೂ ಎಲ್ಲರಷ್ಟೇ ಉಳಿತಾಯ ಕಟ್ಟಿರುತ್ತಾರೆ. ಕೇಳಿದರೆ "ಮುಂದಿನ ವರ್ಷ ಬರ್ತೀನಿ ಬಿಡ್ರಿ ಸಿಸ್ಟರ್" ಅಂತಾರೆ. ಮುಂದಿನ ವರ್ಷಕ್ಕೆ ಇನ್ನೊಂದು ಕೂಸು ತೊಡೆ ಮೇಲೆ ಇರ್ತದೆ.

ಈ ಸಲದ ಪಾಠ ಇಷ್ಟೇ. ಆ ಸಾಲನ್ನು ಹೊಡೆದುಹಾಕಿ, ಮಕ್ಕಳನ್ನು ಕರೆದುಕೊಂಡೇ ಹೋಗುವಂತೆ ಪ್ರವಾಸವನ್ನು ಬದಲಾಯಿಸುವುದು ಹೇಗೆ ಎಂದು ಕಲಿಯೋಣ. ಉದಾಹರಣೆಗೆ ದೂರದ ಊರು ಬೇಡ. ಹೊಸಪೇಟೆಯಿಂದ 12-13 ಕಿ.ಮೀ. ದೂರದ ಹಂಪಿ ಬಜಾರನ್ನೇ ತೆಗೆದುಕೊಳ್ಳೋಣ. ನಮ್ಮ ಎಷ್ಟೋ ಸದಸ್ಯೆಯರು ಹತ್ತಿರವೇ ಇದ್ದೂ ಅದನ್ನು ನಿಧಾನವಾಗಿ ನೋಡಿಲ್ಲ.

ಒಂದು ದಿನ, ಒಂದೇ ಜಾಗ

ನಮ್ಮ ಪ್ರವಾಸಗಳ ದೊಡ್ಡ ರೋಗ ಅಂದರೆ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ. ಬೆಳಿಗ್ಗೆ ಡ್ಯಾಂ, ಆಮೇಲೆ ಹಂಪಿ, ವಿಠ್ಠಲ ದೇವಸ್ಥಾನ, ಕಮಲ ಮಹಲ್, ಆನೆ ಲಾಯ, ಸಂಜೆಗೆ ಅಂಜನಾದ್ರಿ. ದೊಡ್ಡವರಿಗೇ ಕಾಲು ಬೀಳ್ತದೆ, ಇನ್ನು ಮೂರು ವರ್ಷದ ಕೂಸಿಗೆ? ಕೂಸು ನಡೆಯದಿದ್ದರೆ ತಾಯಿ ಹೊರಬೇಕು. ಹತ್ತು ಕಿಲೋ ಭಾರ ಕಂಕುಳಲ್ಲಿ ಇಟ್ಟುಕೊಂಡವಳು ಕಲ್ಲಿನ ರಥ ನೋಡ್ತಾಳೋ, ತನ್ನ ಸೊಂಟ ನೋವು ನೋಡ್ತಾಳೋ?

ಬಜಾರಿನ ಬೀದಿ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಪಡುವಣ ತುದಿಗೆ ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರ, ಮೂಡಣ ತುದಿಗೆ ಒಂದೇ ಬಂಡೆಯಲ್ಲಿ ಕಡೆದ ಬಸವಣ್ಣ. ನಡುವೆ ಸುಮಾರು ಮುಕ್ಕಾಲು ಕಿಲೋಮೀಟರಿನ ನೇರ, ಅಗಲವಾದ ಬೀದಿ. ಎರಡೂ ಕಡೆ ಕಲ್ಲುಕಂಬದ ಸಾಲು ಮಂಟಪ, ಅದರ ನೆರಳು. ನಾಲ್ಕು ವರ್ಷದ ಮಗು ತಾನೇ ನಡೆದು ಈ ತುದಿಯಿಂದ ಆ ತುದಿಗೆ ಹೋಗಬಲ್ಲದು, ಅರ್ಧ ಗಂಟೆ ಹೆಚ್ಚು ಹಿಡಿದರೆ ಹಿಡಿಯಲಿ. ದೇವಸ್ಥಾನದ ಒಳಗೆ ಗರ್ಭಗುಡಿಯ ಹಿಂಭಾಗದ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಮಕ್ಕಳಿಗೆ ತೋರಿಸಿ. ಸಣ್ಣ ಕಿಂಡಿಯಿಂದ ಬರುವ ಬೆಳಕಿನಲ್ಲಿ, ಗೋಪುರದ ಮೇಲುಭಾಗದ ಬೆಳಕು ಕೆಳಗೂ ಕೆಳಭಾಗದ್ದು ಮೇಲಕ್ಕೂ ಹೋಗಿ ಬೀಳ್ತದೆ. ಅದೇ ಕಾರಣ. ಶಾಲೆಗೆ ಹೋಗುವ ಹುಡುಗರು ಮನೆಗೆ ಬಂದು ಕತ್ತಲೆ ಕೋಣೆಯ ಬಾಗಿಲ ತೂತಿನಲ್ಲಿ ಅದನ್ನೇ ಮಾಡಿ ನೋಡಬಹುದು. ವಿಠ್ಠಲ ದೇವಸ್ಥಾನ ಇನ್ನೊಂದು ವರ್ಷಕ್ಕಿರಲಿ. ಅದೆಲ್ಲೂ ಓಡಿಹೋಗುವುದಿಲ್ಲ.

ಆ ಬೀದಿಯಲ್ಲಿ ಮಕ್ಕಳು ಬೆಳೆದಿದ್ದರು

ಮಂಟಪದ ನೆರಳಲ್ಲಿ ಕೂತಾಗ ಒಂದು ಸಂಗತಿ ನೆನಪಿರಲಿ. ಈ ಸಾಲು ಮಂಟಪಗಳಲ್ಲಿ ದಶಕಗಳ ಕಾಲ ಸಂಸಾರಗಳು ಬದುಕಿದ್ದವು. ಮುಂದೆ ಅಂಗಡಿ ಅಥವಾ ಸಣ್ಣ ಹೋಟೆಲು, ಹಿಂದೆ ಒಲೆ, ತೊಟ್ಟಿಲು. 1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದವು. 2011ರ ಜುಲೈ 29ರಂದು ಬಜಾರಿನ ಮನೆ ಅಂಗಡಿಗಳನ್ನು ತೆರವು ಮಾಡಿದರು. ಆ ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಲಾಯಿತು.

ಹಳೆಯ ಕಲ್ಲುಗಳನ್ನು ಕಾಪಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮಾಜಕಾರ್ಯ ಮಾಡುವವರ ಕಣ್ಣಿಗೆ ಇನ್ನೊಂದು ಲೆಕ್ಕವೂ ಕಾಣ್ತದೆ. ಬಜಾರಿನಲ್ಲಿದ್ದಾಗ ತಾಯಿಗೆ ದುಡಿಮೆಯೂ ಮನೆಯೂ ಒಂದೇ ಕಡೆ. ಗಿರಾಕಿಗೆ ಚಹ ಕೊಡ್ತಾ ಕೊಡ್ತಾ ಅಂಗಳದಲ್ಲಿ ಆಡುವ ಮಗುವಿನ ಮೇಲೆ ಕಣ್ಣಿಡಬಹುದಿತ್ತು, ಪಕ್ಕದ ಅಂಗಡಿಯ ಅಜ್ಜಿಯೂ ನೋಡಿಕೊಳ್ಳುತ್ತಿದ್ದಳು. ಮನೆ ಕೆಲವು ಕಿಲೋಮೀಟರ್ ಆಚೆ ಹೋದಾಗ ದುಡಿಮೆ ಹಂಪಿಯಲ್ಲೇ ಉಳಿಯಿತು. ಆಗ ಮಗುವನ್ನು ಬಿಟ್ಟು ಬರಬೇಕು, ಇಲ್ಲಾ ಆಟೋದಲ್ಲಿ ದಿನಾ ಎತ್ತಿಕೊಂಡು ಓಡಾಡಬೇಕು. ಮನೆ ಅಂದರೆ ನಾಲ್ಕು ಗೋಡೆಯ ಅಳತೆ ಹಾಕುವವರು ಈ ಕಣ್ಣಳತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮಲ್ಲಿ ಬಾಳೆ ತೋಟಕ್ಕೆ, ಭತ್ತದ ನಾಟಿಗೆ ಕೂಸು ಕಟ್ಟಿಕೊಂಡು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಣ್ಣ ಮಕ್ಕಳೊಡನೆ ಪ್ರಯಾಣ ಅನ್ನೋದು ನಮ್ಮ ಹೆಂಗಸರಿಗೆ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ, ದಿನದ ಕೆಲಸ. ಆದ್ದರಿಂದ ಪ್ರವಾಸದ ದಿನವಾದರೂ ಆ ಭಾರ ಹತ್ತು ಕೈಗಳಿಗೆ ಹಂಚಿಹೋಗಲಿ.

ಹೋಗುವುದು ಹೇಗೆ

ಖರ್ಚು ಕಡಿಮೆ ಅಂತ ಟ್ರ್ಯಾಕ್ಟರ್ ಟ್ರೇಲರ್, ಗೂಡ್ಸ್ ಗಾಡಿಯಲ್ಲಿ ತಾಯಿ ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ದಯವಿಟ್ಟು ಬಿಡಿ. ಸರಕು ಸಾಗಿಸುವ ಗಾಡಿಯಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆ ಹಣಕ್ಕೂ ಪರದಾಡಬೇಕಾಗ್ತದೆ. ಈಗ ಅದರ ಅಗತ್ಯವೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಉಚಿತ ಪ್ರಯಾಣ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದುಕೊಳ್ಳಬೇಕು. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 6ರಿಂದ 12ರ ಹುಡುಗರಿಗೆ ಅರ್ಧ ಟಿಕೆಟ್. ಗಂಡಂದಿರು ಬಂದರೆ ಅವರ ಟಿಕೆಟ್ ಅವರೇ ತಗೊಳ್ಳಲಿ. ಬರಲಿ ಕೂಡ, ಕೂಸನ್ನು ಎತ್ತಿಕೊಳ್ಳುವ ಕೆಲಸಕ್ಕೆ!

ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬಿಡಬೇಡಿ. ಮುಂದಿನ ಸೀಟಿನಲ್ಲಿ ಕೂರಿಸಿ ಹೊರಗೆ ನೋಡಲು ಹೇಳಿ. ಕಿಟಕಿಯಿಂದ ಕೈ, ತಲೆ ಹೊರಗೆ ಹಾಕಲು ಮಾತ್ರ ಬಿಡಬೇಡಿ. ಸಂಡೂರಿನಿಂದ ಬರುವವರು ಅದಿರು ಲಾರಿಗಳ ದಾರಿಯನ್ನು ಬಲ್ಲರು.

ಬೆಳಿಗ್ಗೆ 7ಕ್ಕೆ ಹೊರಡಿ. ನೋಡುವುದನ್ನೆಲ್ಲ 11ರೊಳಗೆ ನೋಡಿ ಮುಗಿಸಿ. 11ರಿಂದ 3ರವರೆಗೆ ನೆರಳಲ್ಲಿ ಊಟ, ಮಕ್ಕಳಿಗೆ ನಿದ್ದೆ, ದೊಡ್ಡವರಿಗೆ ಹಾಡು, ಮಾತು. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆ ಕಾದು ಕಾವಲಿಯಾಗ್ತದೆ. ಏಪ್ರಿಲ್, ಮೇ ತಿಂಗಳು ಬೇಡವೇ ಬೇಡ. ನವೆಂಬರಿನಿಂದ ಫೆಬ್ರವರಿ ಒಳಗೆ ದಿನ ಗೊತ್ತು ಮಾಡಿ. ಮಳೆಯ ದಿನ ಹೋದರೆ ಬಿರುಕು ಬಿಟ್ಟ ಅಥವಾ ಆಸರೆ ಕೊಟ್ಟು ನಿಲ್ಲಿಸಿದ ಮಂಟಪದ ಕೆಳಗೆ ಕೂರಬೇಡಿ. 2024ರ ಮೇ ತಿಂಗಳ ಮಳೆಗೆ ಇದೇ ಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿದು ಬಿದ್ದಿದೆ.

ಬುತ್ತಿ, ನೀರು, ಹಾಲು

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ, ಬಾಳೆಹಣ್ಣು ಕೆಡುವುದಿಲ್ಲ. ಮೊಸರನ್ನ, ಹೆಚ್ಚಿದ ಹಣ್ಣು ಬಿಸಿಲಿಗೆ ಬೇಗ ಹಳಸ್ತಾವೆ. ಬುತ್ತಿ ಚೀಲವನ್ನು ಮಕ್ಕಳ ಕೈಗೆ ಕೊಡಬೇಡಿ, ಹಂಪಿಯ ಕೋತಿಗಳು ಕೈಯಿಂದಲೇ ಕಸಿದುಕೊಂಡು ಹೋಗ್ತಾವೆ, ಬಿಡದಿದ್ದರೆ ಕಚ್ಚುತ್ತವೆ. ಕಚ್ಚಿದರೆ ಸೋಪಿನ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ ಮೆತ್ತಿ ಸುಮ್ಮನಾಗಬೇಡಿ.

ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಲ್ಲೂ ಎದೆಹಾಲೇ ಸಾಕು, ನೀರು ಕುಡಿಸಬಾರದು. ಹೆಚ್ಚು ಸಲ ಹಾಲು ಕೊಡಿ. ಆದರೆ ತಾಯಿ ನೀರು ಕುಡಿಯಬೇಕು. ಇಲ್ಲೇ ನಮ್ಮ ಹೆಂಗಸರ ಕಷ್ಟ ಇರುವುದು. ಶೌಚಾಲಯ ಎಲ್ಲಿದೆಯೋ ಏನೋ ಅಂತ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದೆ ಇರುವವರನ್ನು ನಾವು ನೋಡಿದ್ದೇವೆ. ಅದರಿಂದ ಉರಿಮೂತ್ರ, ತಲೆಸುತ್ತು ಬರ್ತದೆ. ಬಸ್ ಇಳಿದ ಕೂಡಲೇ ಮೊದಲು ಶೌಚಾಲಯ ಎಲ್ಲಿ ಅಂತ ವಿಚಾರಿಸಿ, ಎರಡು ಗಂಟೆಗೊಮ್ಮೆ ಗುಂಪಾಗಿ ಹೋಗಿ ಬನ್ನಿ. ಇದಕ್ಕೆ ನಾಚಿಕೆ ಬೇಡ. ಹಾಲು ಕುಡಿಸಲು ಮಂಟಪದ ಒಂದು ಮೂಲೆ ಸಾಕು, ನಾಲ್ಕು ಜನ ಸುತ್ತ ಕೂತರೆ ಅದೇ ಕೋಣೆ.

ವಾಂತಿ ಭೇದಿಯಾದರೆ ಓ.ಆರ್.ಎಸ್. ಪುಡಿ ಜೊತೆಗಿರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಕಲಸಿ, 24 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ. ಪುಡಿ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚದ ಮಟ್ಟಕ್ಕೆ ಅಳೆದು ಹಾಕಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಏನೂ ಕುಡಿಯದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹೊಳೆ

ಈ ಒಂದು ವಿಷಯದಲ್ಲಿ ನಾವು ಕಟ್ಟುನಿಟ್ಟು. ಮಕ್ಕಳನ್ನು ತುಂಗಭದ್ರೆಗೆ ಇಳಿಸಬೇಡಿ. "ಪುಣ್ಯದ ನೀರು, ಒಂದು ಮುಳುಗು ಹಾಕಿಸ್ತೀವಿ" ಅನ್ನುವ ಅಜ್ಜಿಯರಿಗೆ ಚೊಂಬಿನಲ್ಲಿ ನೀರು ತಂದು ಮಗುವಿನ ತಲೆಗೆ ಹಾಕಲು ಹೇಳಿ, ಪುಣ್ಯ ಕಡಿಮೆಯಾಗುವುದಿಲ್ಲ. ಮೆಟ್ಟಿಲು, ಬಂಡೆಗಳ ಮೇಲೆ ಪಾಚಿ ಇರ್ತದೆ, ಬಂಡೆಗಳ ನಡುವೆ ಸುಳಿ ಇರ್ತದೆ, ಮೊಸಳೆಯೂ ಉಂಟು. ಹಂಪಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಏರ್ತದೆ, ಪುರಂದರ ಮಂಟಪವೇ ಮುಳುಗ್ತದೆ. ಹರಿಗೋಲು, ದೋಣಿಗೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲ ಅಂದರೆ ಹತ್ತಬೇಡಿ.

ಎಲ್ಲರೂ ನೋಡ್ತಾರೆ ಅಂದರೆ ಯಾರೂ ನೋಡುವುದಿಲ್ಲ

ಸಂತ ಲೂಕರ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಒಂದು ಪ್ರವಾಸದ ಕಥೆ ಇದೆ. ಹನ್ನೆರಡು ವರ್ಷದ ಯೇಸುಬಾಲ ತಂದೆತಾಯಿಯ ಜೊತೆ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋದ. ಹಬ್ಬ ಮುಗಿಸಿ ಊರವರೆಲ್ಲ ಗುಂಪಾಗಿ ಹೊರಟರು. ಮಗ ಗುಂಪಿನಲ್ಲೇ ಇದ್ದಾನೆಂದು ತಿಳಿದು ಮರಿಯಮ್ಮ, ಜೋಸೆಫರು ಒಂದು ದಿನದ ದಾರಿ ನಡೆದುಬಿಟ್ಟರು. ಆಮೇಲೆ ನೆಂಟರಿಷ್ಟರ ನಡುವೆ ಹುಡುಕಿದರು, ಸಿಗಲಿಲ್ಲ. ತಿರುಗಿ ಹೋಗಿ ಹುಡುಕಿ, ದೇವಾಲಯದಲ್ಲಿ ಸಿಕ್ಕಿದ್ದು ಮೂರು ದಿನದ ಮೇಲೆ. ಎಲ್ಲ ಧರ್ಮದ ಅಕ್ಕತಂಗಿಯರೂ ನಮ್ಮ ಸಂಘಗಳಲ್ಲಿದ್ದೀರಿ, ಈ ಕಥೆ ಎಲ್ಲರದೂ ಹೌದು. ಆ ತಾಯಿ ಬೇಜವಾಬ್ದಾರಿಯವಳಲ್ಲ. ಗುಂಪಿನಲ್ಲಿ ಪ್ರತಿಯೊಬ್ಬರೂ ಮಗು ಇನ್ನೊಬ್ಬರ ಹತ್ತಿರ ಇದೆ ಅಂದುಕೊಳ್ಳುವುದೇ ಹಾಗೆ.

ಅದಕ್ಕೇ "ಎಲ್ಲರೂ ನೋಡಿಕೊಳ್ಳೋಣ" ಅನ್ನಬೇಡಿ. ಇಂಥ ಮಗು ಇಂಥವರ ಕೈಗೆ, ಇಷ್ಟು ಗಂಟೆಯವರೆಗೆ ಅಂತ ಹೆಸರು ಹಿಡಿದು ಒಪ್ಪಿಸಿ. ಮಕ್ಕಳಿಲ್ಲದ ಅಥವಾ ಮಕ್ಕಳು ದೊಡ್ಡವರಾದ ಸದಸ್ಯೆ ಎರಡು ಗಂಟೆ ಕೂಸು ನೋಡಿಕೊಂಡರೆ ತಾಯಿ ಕೈ ಬೀಸಿಕೊಂಡು ಗೋಪುರ ನೋಡಿ ಬರ್ತಾಳೆ. ಆಕೆಗೆ ಎಷ್ಟು ವರ್ಷದಿಂದ ಎರಡು ಕೈ ಖಾಲಿ ಇದ್ದಿಲ್ಲವೋ! ಬಸ್ ಹತ್ತುವಾಗ, ಇಳಿಯುವಾಗ, ಊಟದ ನಂತರ ತಲೆ ಎಣಿಸಿ. ತಾಯಿಯ ಮೊಬೈಲ್ ನಂಬರನ್ನು ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಬರೆಯಿರಿ. ಹೊರಡುವ ಮುಂಚೆ ಮಕ್ಕಳದೊಂದು ಫೋಟೋ ಮೊಬೈಲಿನಲ್ಲಿ ತೆಗೆದಿಡಿ, ತೊಟ್ಟ ಅಂಗಿಯ ಬಣ್ಣ ಗಾಬರಿಯಲ್ಲಿ ನೆನಪಾಗುವುದಿಲ್ಲ. ದಾರಿ ತಪ್ಪಿದರೆ ಬಸವಣ್ಣನ ಹತ್ತಿರ ನಿಲ್ಲಬೇಕೆಂದು ಮಾತು ತಿಳಿಯುವ ಮಕ್ಕಳಿಗೆ ಮೊದಲೇ ತೋರಿಸಿ ಹೇಳಿ. ಕಾಣೆಯಾದರೆ ಹತ್ತಿರದ ಪೊಲೀಸರಿಗೆ ಹೇಳಿ, 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ಫೋನ್ ಮಾಡಿ. ಚೈತ್ರದ ರಥೋತ್ಸವದ ದಿನ ಈ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಣ್ಣ ಮಕ್ಕಳಿದ್ದರೆ ಹಗ್ಗದ ಹತ್ತಿರ ಹೋಗದೆ ದೂರದಿಂದಲೇ ನೋಡಿ.

ಹಣದ ಲೆಕ್ಕ

15 ಜನರ ಸಂಘ ತಿಂಗಳಿಗೆ ತಲಾ 20 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 3,600 ರೂಪಾಯಿ. ಮಕ್ಕಳ ಹಾಲು, ಹಣ್ಣು, ಓ.ಆರ್.ಎಸ್., ತುರ್ತಿಗೆ ಆಟೋ ಬಾಡಿಗೆ ಎಲ್ಲಾ ಕಳೆದರೂ ಮಿಗ್ತದೆ. ಇದಕ್ಕೆ ಪುಸ್ತಕದಲ್ಲಿ ಬೇರೆ ಪುಟ ಇಡಿ. ಉಳಿತಾಯ ಮತ್ತು ಸಾಲದ ಹಣಕ್ಕೆ ಕೈ ಹಾಕಬೇಡಿ.

ಮುಂದಿನ ಸಭೆಯಲ್ಲಿ ಇವನ್ನು ಚರ್ಚಿಸಿ: ಕಳೆದ ಮೂರು ಪ್ರವಾಸಗಳಿಗೆ ಬಾರದೆ ಉಳಿದವರು ಯಾರು, ಏಕೆ? ಐದು ವರ್ಷದೊಳಗಿನ ಮಕ್ಕಳು ನಮ್ಮ ಸಂಘದಲ್ಲಿ ಎಷ್ಟಿದ್ದಾರೆ, ಯಾವ ಮಗು ಯಾರ ಬಳಿ ಅಳದೆ ಇರ್ತದೆ? ಕೊನೆಯ ಪ್ರಶ್ನೆಗೆ ಉತ್ತರ ತಾಯಂದಿರಿಂದಲೇ ಬರಲಿ. ಆ ಹೆಸರುಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆದ ಮೇಲೆಯೇ ಪ್ರವಾಸದ ದಿನ ಗೊತ್ತು ಮಾಡಿ.