ಮಳೆ ಬಂತೆಂದು ಹೊರಾಂಗಣ ಅವಧಿ ಬಿಡಬೇಕೆ?

ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ಹೊರಾಂಗಣ ಚಟುವಟಿಕೆಗೆ ವರ್ಷವಿಡೀ ಒಂದೇ ವೇಳೆ. ಮಳೆ ಬಂದರೆ ರದ್ದು. ನಲಿ-ಕಲಿ ಮಕ್ಕಳಿಗೆ ಇದು ನಷ್ಟವೇ.

ಜೂನ್‌ನಲ್ಲಿ ಮೃಗಶಿರಾ ಮಳೆ ಬಿದ್ದೊಡನೆ ಉತ್ತರ ಕರ್ನಾಟಕದ ಹೊಲಗಳಲ್ಲಿ ಮಖಮಲ್ಲಿನಂಥ ಕೆಂಪು ಮಿರಗದ ಹುಳ ಕಾಣುತ್ತದೆ, ಅದೂ ಕೆಲವೇ ದಿನ. ಮಳೆ ನಿಂತ ಮೇಲೆ 20 ನಿಮಿಷ ಸಿಕ್ಕರೆ ಸಾಕು. ಮಕ್ಕಳು ಕುಕ್ಕರಗಾಲಲ್ಲಿ ಕುಳಿತು ಅದರ ಕಾಲು ಎಣಿಸಲಿ. ಎಂಟು! ಇರುವೆಗೆ ಆರೇ ಅಲ್ಲವೆ ಎಂಬ ಮಾತು ಅಲ್ಲಿಂದ ಏಳುತ್ತದೆ. (ಹಿಡಿದು ಡಬ್ಬಿಗೆ ಹಾಕುವುದನ್ನು ಮಾತ್ರ ತಡೆಯಿರಿ.)

ಡಿಸೆಂಬರಿನಲ್ಲಿ ಮಧ್ಯಾಹ್ನದ ನೆರಳೂ ಉದ್ದ. ನೆರಳು ತುಳಿಯುವ ಆಟಕ್ಕೆ ಒಳ್ಳೆಯ ಕಾಲ. ಮಾರ್ಚಿನಲ್ಲಿ ಬಿಸಿಲೇರುವ ಮೊದಲು ಹುಣಸೆಬೀಜ ಆಯಲಿ, ಅಳಗುಳಿಮಣೆಗೆ ಬೇಕಾಗುತ್ತವೆ.

ಯೋಜನೆಯಲ್ಲಿ ವಾರಕ್ಕೆ ಮೂರು ಅವಧಿ ಎಂದಷ್ಟೇ ಬರೆಯಿರಿ. ವೇಳೆಯನ್ನು ಆ ದಿನದ ಹವೆ ನೋಡಿ ಗೊತ್ತುಮಾಡಿ.