ಮಾದರಿ ವಿಮಾನ ಸಂಘಗಳು ಮತ್ತು ಡ್ರೋನ್ ಯುಗ

ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ ರಬ್ಬರ್ ಪಟ್ಟಿಯ ತಿರುಚುಬಲದಿಂದ ಹಾರುವ ಪುಟ್ಟ ವಿಮಾನವೊಂದನ್ನು ಪ್ಯಾರಿಸ್ ನಗರದಲ್ಲಿ ಹಾರಿಸಿ ತೋರಿಸಿದನು. ರೈಟ್ ಸಹೋದರರಲ್ಲಿ ಹಾರಾಟದ ಕುತೂಹಲವನ್ನು ಮೂಡಿಸಿದ್ದು, ಬಾಲ್ಯದಲ್ಲಿ ತಂದೆ ತಂದುಕೊಟ್ಟ ಇಂತಹುದೇ ರಬ್ಬರ್ ಚಾಲಿತ ಆಟಿಕೆ. ಅವರ ವಿಮಾನವು 1903ರಲ್ಲಿ ಮನುಷ್ಯನನ್ನು ಹೊತ್ತು ಹಾರುವುದಕ್ಕೆ ಮೂರು ದಶಕಗಳ ಮೊದಲೇ ಮಾದರಿ ವಿಮಾನವು ಹಾರಿತ್ತು. ಆದುದರಿಂದ ಮಾದರಿ ವಿಮಾನ ನಿರ್ಮಾಣವನ್ನು ವಿಮಾನವಿದ್ಯೆಯ ಮೊದಲ ಪಾಠವೆನ್ನಬಹುದು.

ಸಂಘಗಳ ಪಾತ್ರ

ಈ ಹವ್ಯಾಸವು ಹೆಚ್ಚು ಸಂಘಟಿತವಾಗಿ ಬೆಳೆದ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿ 1936ರಲ್ಲಿ ಸ್ಥಾಪಿತವಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಎಂಬ ರಾಷ್ಟ್ರೀಯ ಸಂಸ್ಥೆಯಡಿ ಊರೂರುಗಳ ಸಂಘಗಳು ನಡೆದು ಬಂದಿವೆ. ಹಾರಾಟದ ಮೈದಾನ, ಸುರಕ್ಷತಾ ನಿಯಮ, ಅಪಘಾತ ವಿಮೆ ಮತ್ತು ತರಬೇತಿ, ಇವು ಸಂಘದಿಂದ ಸದಸ್ಯನಿಗೆ ದೊರೆಯುವ ಸೌಲಭ್ಯಗಳು. ಹೊಸಬನು ಕಲಿಯುವಾಗ ಎರಡು ನಿಯಂತ್ರಣ ಪೆಟ್ಟಿಗೆಗಳನ್ನು ಜೋಡಿಸಿ ಒಂದನ್ನು ಶಿಕ್ಷಕನು ಹಿಡಿದಿರುತ್ತಾನೆ. ವಿಮಾನ ತಪ್ಪಿದೊಡನೆ ಹಾರಾಟವನ್ನು ತಾನೇ ವಹಿಸಿಕೊಳ್ಳುತ್ತಾನೆ. ಖ್ಯಾತ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ತನ್ನ ವಿದ್ಯೆಯನ್ನು ಆರಂಭಿಸಿದ್ದು ಮಾದರಿ ವಿಮಾನಗಳಿಂದಲೇ.

ಬದಲಾವಣೆಯ ಕಾರಣಗಳು

ಇತ್ತೀಚಿನ ವರ್ಷಗಳಲ್ಲಿ ಇಂತಹ ಸಂಘಗಳ ಸದಸ್ಯಸಂಖ್ಯೆ ಇಳಿಮುಖವಾಗಿದೆ. ಸದಸ್ಯರಿಗೆ ವಯಸ್ಸಾಗುತ್ತಿದೆ, ಊರು ಬೆಳೆದಂತೆ ಮೈದಾನಗಳು ಕೈತಪ್ಪುತ್ತಿವೆ. ಇವುಗಳೊಡನೆ ಡ್ರೋನ್ ಕೂಡ ಬಂದಿತು. 2013ರಿಂದೀಚೆಗೆ ಪೆಟ್ಟಿಗೆಯಿಂದ ತೆಗೆದೊಡನೆ ಹಾರಿಸಬಲ್ಲ ಕ್ಯಾಮೆರಾ ಡ್ರೋನ್‌ಗಳು ಸಾಮಾನ್ಯರ ಕೈಗೆ ಎಟುಕಿದವು. ನಾಲ್ಕು ಮೋಟಾರುಗಳ ವೇಗವನ್ನು ಅದರೊಳಗಿನ ಸಂವೇದಕಗಳು ಮತ್ತು ಗಣಕವು ಕ್ಷಣಕ್ಷಣವೂ ಹೊಂದಿಸಿ, ಗಾಳಿಯಲ್ಲಿ ಸಮತೋಲವನ್ನು ಕಾಯುತ್ತವೆ. ಕೈ ಬಿಟ್ಟರೂ ಅದು ಇದ್ದಲ್ಲಿಯೇ ನಿಲ್ಲುತ್ತದೆ. ಹೀಗಿರುವಾಗ ಕಲಿಸುವ ಗುರುವೂ ಸಂಘವೂ ಏಕೆ ಬೇಕೆಂದು ಕೊಳ್ಳುವವನಿಗೆ ಅನಿಸುವುದು ಸಹಜ.

ಮಾದರಿ ವಿಮಾನದ ರೀತಿ ಬೇರೆ. ಅದರ ಗುರುತ್ವ ಕೇಂದ್ರವು ಸಾಮಾನ್ಯವಾಗಿ ರೆಕ್ಕೆಯ ಮುಂಬದಿಯಿಂದ ಅಗಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಇರಬೇಕು. ಭಾರವು ಹೆಚ್ಚು ಹಿಂದೆ ಸರಿದರೆ ವಿಮಾನವು ಸ್ಥಿರತೆಯನ್ನು ಕಳೆದುಕೊಳ್ಳುತ್ತದೆ. ವೇಗ ತಗ್ಗಿಸಿ ಮೂತಿಯನ್ನು ಮೇಲೆತ್ತಿದರೆ ರೆಕ್ಕೆಯು ಎತ್ತುವ ಬಲವನ್ನು ಕಳೆದುಕೊಂಡು ವಿಮಾನ ಬೀಳುತ್ತದೆ. ಹಗುರವಾದ ಬಾಲ್ಸಾ ಮರವನ್ನು ಕತ್ತರಿಸಿ, ಅಂಟಿಸಿ, ಬಿದ್ದುದನ್ನು ಮತ್ತೆ ಕಟ್ಟುವ ಹುಡುಗನು ಈ ಸತ್ಯಗಳನ್ನು ಅನುಭವದಿಂದ ಅರಿಯುತ್ತಾನೆ. ಸಂಘ ಮುಚ್ಚಿದಾಗ ನಷ್ಟವಾಗುವುದು ಈ ಕಲಿಕೆ.

ಕಾನೂನಿನ ಪ್ರಭಾವ

ವಿಮಾನ ನಿಲ್ದಾಣಗಳ ಸಮೀಪ ಡ್ರೋನ್‌ಗಳು ಕಾಣಿಸಿಕೊಂಡುದರಿಂದ ಸರ್ಕಾರಗಳು ನಿಯಮಗಳನ್ನು ಬಿಗಿಗೊಳಿಸುವುದು ಅನಿವಾರ್ಯವಾಯಿತು. ಅಮೆರಿಕವು 2015ರ ಡಿಸೆಂಬರಿನಲ್ಲಿ 250 ಗ್ರಾಂಗಿಂತ ಹೆಚ್ಚು ತೂಕದವುಗಳಿಗೆ ನೋಂದಣಿಯನ್ನು ವಿಧಿಸಿತು. ಮಾದರಿ ವಿಮಾನಗಳಿಗೆ 2012ರ ಕಾನೂನು ನೀಡಿದ್ದ ವಿಶೇಷ ರಕ್ಷಣೆ 2018ರಲ್ಲಿ ರದ್ದಾಯಿತು. ಹಾರುವಾಗ ತನ್ನ ಗುರುತನ್ನು ಸಾರುವ ಸಾಧನವಿರಬೇಕೆಂಬ ನಿಯಮದ ಪಾಲನೆಯನ್ನು 2024ರ ಮಾರ್ಚ್‌ನಿಂದ ಕಡ್ಡಾಯಗೊಳಿಸಲಾಯಿತು. ಆದರೆ ಮಾನ್ಯತೆ ಪಡೆದ ಮೈದಾನಗಳಲ್ಲಿ ಆ ಸಾಧನವಿಲ್ಲದೆಯೂ ಹಾರಿಸಬಹುದು. ಇದರಿಂದ ಸಂಘದ ಮೈದಾನಕ್ಕೆ ಹೊಸ ಬೆಲೆಯೂ ಬಂದಿದೆ.

ಭಾರತದಲ್ಲಿ

ನಮ್ಮ ದೇಶದಲ್ಲಿ ರಾಷ್ಟ್ರೀಯ ಕೆಡೆಟ್ ದಳದ ವಾಯು ವಿಭಾಗವು ತನ್ನ ಕೆಡೆಟ್‌ಗಳಿಗೆ ಮಾದರಿ ವಿಮಾನ ನಿರ್ಮಾಣವನ್ನು ಕಲಿಸುತ್ತದೆ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನವನ್ನು ಪ್ರತ್ಯೇಕವಾಗಿ ಗುರುತಿಸಿವೆ. ಒಟ್ಟು ತೂಕ 25 ಕಿಲೋಗ್ರಾಂ ಮೀರದೆ, ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ವಿನೋದಕ್ಕಾಗಿ ಮಾತ್ರ ಬಳಕೆಯಾಗಿ, ಹಾರಿಸುವವರ ಕಣ್ಣಳತೆಯೊಳಗೆ ಹಾರುವಂಥವು ಈ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ಆದರೂ ಕೆಂಪು ಮತ್ತು ಹಳದಿ ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸಕೂಡದು.

ಡ್ರೋನ್ ಮತ್ತು ಮಾದರಿ ವಿಮಾನಗಳು ಪರಸ್ಪರ ವಿರೋಧಿಗಳಾಗಬೇಕಿಲ್ಲ. ಡ್ರೋನ್ ಹಿಡಿದು ಬಂದ ಕಿರಿಯರನ್ನು ಸಂಘಗಳು ಆದರದಿಂದ ಬರಮಾಡಿಕೊಂಡು, ಒಮ್ಮೆ ಅವರ ಕೈಗೆ ಬಾಲ್ಸಾ ಮರದ ರೆಕ್ಕೆಯನ್ನೂ ಕೊಟ್ಟರೆ, ಯಂತ್ರ ಹಾರುವುದನ್ನು ನೋಡುವವರು ಅದು ಏಕೆ ಹಾರುತ್ತದೆಂಬುದನ್ನೂ ಅರಿಯುವರು.